ಹಿಮ್ಮಡ ಒಡೆದವಳ ಪೆಡಿಕ್ಯೂರ್

ನನ್ನ ಕಾಲಿಗೆ ಒಳ್ಳೆಯದಾಗಲಿ ಎಂದು ನಾನು ಏನೇ ಮಾಡಲಿ, ಅದರ ಪರಿಣಾಮ ಕಾಲೊಂದನ್ನು ಬಿಟ್ಟು ಮಿಕ್ಕ ಎಲ್ಲದರ ಮೇಲೂ ಆಗುತ್ತದೆ. ಒಮ್ಮೆ ಆಗಿದ್ದರೆ ಮರೆತುಬಿಡಬಹುದಿತ್ತು. ಮತ್ತೆ ಮತ್ತೆ ಆಗುತ್ತಲೇ ಇದೆ.

ನಾನು ಕನ್ನಡ ಸಾಲಿ ಟೀಚರು. ಮನೆ ಜಮಖಂಡಿಯಲ್ಲಿ, ಸಾಲಿ ಬೀಳಗಿ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿ. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿ ಹೊಸ ಊರು ದಿಬ್ಬದ ಮೇಲೆ ಬಂದಿತ್ತು. ಆದರೆ ಬಸ್ಸಿಗೆ ಆ ಸುದ್ದಿ ಯಾರೂ ಹೇಳಿರಲಿಲ್ಲವೋ ಏನೋ, ಅದು ಕೆಳಗಿನ ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಗರಸು ಕಲ್ಲಿನ ದಾರಿಯಲ್ಲಿ ಮುಕ್ಕಾಲು ತಾಸು ನಡಿಗೆ. ಆಮೇಲೆ ದಿನವಿಡೀ ನಿಂತು ಪಾಠ. ಕೆಲವೇ ವರ್ಷಗಳಲ್ಲಿ ನನ್ನ ಹಿಮ್ಮಡಗಳು ಬೇಸಿಗೆಯ ಎರೆ ಹೊಲದ ಹಾಗೆ ಬಿರಿದವು. ಮಲಗಿದರೆ ಬಿರುಕಿಗೆ ಚಾದರದ ನೂಲು ಸಿಕ್ಕಿ ಕಿತ್ತುಬರುತ್ತಿತ್ತು.

ಪಾರ್ಲರಿಗೆ ಹೋಗಬಹುದಿತ್ತು. ಆದರೆ ನಮ್ಮ ಓಣಿಯ ಪಾರ್ಲರಿನಲ್ಲಿ ಕಾಲು ತಿಕ್ಕುವ ಹುಡುಗಿ ನನ್ನ ಕೈಯಲ್ಲೇ ಅ ಆ ಕಲಿತವಳು. ಅವಳ ಮುಂದೆ ಈ ಕಾಲು ಚಾಚುವುದು ಹೇಗೆ? ಮನೆಯಲ್ಲೇ ಮಾಡಿಕೊಳ್ಳೋಣ ಎಂದುಕೊಂಡೆ.

ಲಿಂಬಿಹಣ್ಣು

ಒಂದು ವಾರಪತ್ರಿಕೆಯ ಮಹಿಳೆಯರ ಪುಟದಲ್ಲಿ ಬರೆದಿತ್ತು: ಬಿಸಿನೀರಿಗೆ ಹಿಡಿ ಉಪ್ಪು, ಒಂದಿಷ್ಟು ಅರಿಶಿನ, ನಾಲ್ಕು ಹೋಳು ಲಿಂಬಿಹಣ್ಣು ಹಾಕಿ ಅರ್ಧ ತಾಸು ಕಾಲು ನೆನೆಸಬೇಕು. ರವಿವಾರ ಅತ್ತೆ ಗುಡಿಗೆ ಹೋದದ್ದೇ ತಡ, ಪ್ಲಾಸ್ಟಿಕ್ ಟಬ್ಬಿನಲ್ಲಿ ಕಾಲಿಟ್ಟು ಕೂತೆ. ಹತ್ತು ನಿಮಿಷ ಆಗಿಲ್ಲ, ಗಂಡನ ಸ್ಕೂಟರ್ ಸಪ್ಪಳ ಕೇಳಿತು. ಗಡಿಬಿಡಿಯಲ್ಲಿ ಟಬ್ಬಿನ ನೀರನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಚೆಲ್ಲಿಬಿಟ್ಟೆ. ಆ ಬಾಗಿಲ ಮುಂದೆಯೇ ಮೂರು ಓಣಿ ಕೂಡುತ್ತವೆ ಎಂಬುದು ಆಗ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಗದ್ದಲ ಕೇಳಿತು. ಹೊರಗೆ ಬಂದು ನೋಡಿದರೆ ಓಣಿಗೆ ಓಣಿಯೇ ನೆರೆದಿದೆ. ನಡುವೆ ಹಳದಿ ನೀರು, ನಾಲ್ಕು ಲಿಂಬಿ ಹೋಳು. ಆ ಕಡೆ ಗುಡಿಯಿಂದ ಬಂದ ನಮ್ಮತ್ತೆ ದಾಟಲಾರದೆ ನಿಂತಿದ್ದರು. "ಯಾರೋ ಮಾಟ ಮಾಡ್ಸಿ ಚೆಲ್ಲ್ಯಾರವ್ವಾ, ದಾಟಬ್ಯಾಡ್ರಿ!" ಎಂದು ಪಕ್ಕದ ಮನೆಯ ಆಯಿ ಕೈ ಅಡ್ಡ ಹಿಡಿದಿದ್ದರು.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟು ಮಂದಿಯ ಮುಂದೆ ಅದು ನನ್ನ ಕಾಲು ತೊಳೆದ ನೀರು ಎನ್ನಲು ನಾಲಿಗೆ ಏಳಲಿಲ್ಲ. ಆಯಿ ಉಪ್ಪು, ಮೆಣಸಿನಕಾಯಿ ತಂದು ಎಲ್ಲರಿಗೂ ದೃಷ್ಟಿ ತೆಗೆದರು. ನನ್ನನ್ನೂ ಕೂಡಿಸಿ ಮೂರು ಸುತ್ತು ಇಳಿಸಿ, ಆಕಾಶದ ಕಡೆ ನೋಡಿ ಶಾಪ ಹಾಕಿದರು: "ಇದನ್ನ ಮಾಡಿದಾಕಿ ಕಾಲ ಒಡದು ಹೋಗ್ಲಿ!"

ಒಡೆದಾಗಿತ್ತು.

ಮೇಣಬತ್ತಿ

ಸಹೋದ್ಯೋಗಿ ಟೀಚರೊಬ್ಬರು ಹೇಳಿದರು: "ಮೇಣಬತ್ತಿ ಕರಗಿಸಿ ಕೊಬ್ರಿ ಎಣ್ಣಿಯೊಳಗ ಕಲಸಿ ಹಚ್ಚರಿ. ಮ್ಯಾಲೆ ಕಾಲಚೀಲ ಹಾಕ್ಕೊಂಡು ಕುಂದರ್ರಿ. ಎರಡ ದಿನದಾಗ ಹೂವಿನಂಗ ಆಗತಾವ."

ಮನೆಯಲ್ಲಿದ್ದ ಎರಡೂ ಮೇಣಬತ್ತಿ ಕರಗಿಸಿ ಬಿರುಕು ತುಂಬುವಷ್ಟು ಹಚ್ಚಿಕೊಂಡೆ. ಸಂಜೆ ಏಳಕ್ಕೆ ಕರೆಂಟ್ ಹೋಯಿತು. ಮರುದಿನ ಮಗಳಿಗೆ ಹತ್ತನೆಯ ಇಯತ್ತೆಯ ಗಣಿತ ಪರೀಕ್ಷೆ.

"ಮೇಣಬತ್ತಿ ಎಲ್ಲಿಟ್ಟಿ?" ಎಂದು ಗಂಡ ಕತ್ತಲಲ್ಲಿ ಕಪಾಟು ತಡಕಾಡತೊಡಗಿದರು.

ನಾನು ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡೆ.

"ಅವ್ವಾ, ನಿನ್ನೆ ಎರಡ ಇದ್ದೂ ಅಲ್ಲ?" ಎಂದು ಮಗಳು ಅಳುವ ದನಿ ತೆಗೆದಳು.

"ನನ್ನ ಕಾಲಾಗ ಅದಾವು," ಎಂದೆ.

ಕತ್ತಲಲ್ಲಿ ಯಾರ ಮುಖವೂ ಕಾಣಲಿಲ್ಲ, ಅದೊಂದು ಪುಣ್ಯ. ಗಂಡನ ದನಿ ಬಂತು: "ಹಂಗಾರ ಚಿಂತಿ ಯಾಕ? ನಿಮ್ಮವ್ವನ ಹಿಮ್ಮಡಕ್ಕ ಒಂದು ಬತ್ತಿ ಸಿಗಸು, ಪುಸ್ತಕ ತಗೊಂಡು ಆಕಿ ಕಾಲ ಹತ್ರ ಕುಂದ್ರು."

ಬೆಣ್ಣಿ

ಬೇಸಿಗೆ ಸೂಟಿಯಲ್ಲಿ ಮುಧೋಳಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಅವಳ ಗಂಡ ಒಂದು ಬೇಟೆ ನಾಯಿ ಸಾಕಿದ್ದ. ಉದ್ದ ಮೂತಿ, ಒಳಗೆ ಹೋದ ಹೊಟ್ಟೆ, ಮೊಲದ ಬೆನ್ನು ಹತ್ತಿದರೆ ಬಿಡುವುದಿಲ್ಲ ಎಂದು ಊರಲ್ಲೆಲ್ಲ ಹೆಸರು. ಆದರೆ ನಾನು ಹೋದಾಗ ಅದು ವಾರದಿಂದ ಅನ್ನ ಬಿಟ್ಟು ಮೂಲೆಯಲ್ಲಿ ಬಿದ್ದಿತ್ತು. ಹಾಲಿಟ್ಟರೂ ಮೂಸುತ್ತಿರಲಿಲ್ಲ. ಮನೆಯ ಮಂದಿಗೆಲ್ಲ ಅದರದೇ ಚಿಂತೆ. ನಾನು ಬಂದದ್ದನ್ನು ಸರಿಯಾಗಿ ಗಮನಿಸಿದವರೂ ಇರಲಿಲ್ಲ.

ತಂಗಿ ನನ್ನ ಹಿಮ್ಮಡ ನೋಡಿ, "ಅಯ್ಯ ಅಕ್ಕಾ, ಇಷ್ಟ ಬೆಣ್ಣಿ ಐತಿ, ಹಚ್ಚಿಕೊಂಡು ಮಲಕೋ," ಎಂದು ಎಮ್ಮೆಯ ಬೆಣ್ಣೆ ಕೊಟ್ಟಳು. ಊಟವಾದ ಮೇಲೆ ಹಚ್ಚಿಕೊಂಡು ಪಡಸಾಲೆಯಲ್ಲಿ ಅಡ್ಡಾದೆ. ಕಣ್ಣು ಹತ್ತುತ್ತಿತ್ತು, ಕಾಲಿಗೆ ಏನೋ ಬಿಸಿ ಬಿಸಿ, ಒರಟಾಗಿ ತಾಗಿತು. ಎದ್ದು ನೋಡಿದರೆ ನಾಯಿ! ಚೀರಿ ಅಂಗಳಕ್ಕೆ ಓಡಿದೆ. ಬೆನ್ನು ಹತ್ತಿತು. ಬಾವಿಕಟ್ಟೆ ಸುತ್ತಿದೆ, ಅದೂ ಸುತ್ತಿತು. ಮೊಲದ ಸ್ಥಿತಿ ನನಗೆ ಅಂದು ತಿಳಿಯಿತು. ಕಡೆಗೆ ದಣಿದು ಕೂತುಬಿಟ್ಟೆ. ಅದು ನಿಧಾನವಾಗಿ ಎರಡೂ ಹಿಮ್ಮಡದ ಬಿರುಕು ಬಿರುಕಿಗೆ ನಾಲಿಗೆ ಇಳಿಸಿ ಬೆಣ್ಣೆಯನ್ನೆಲ್ಲ ತಿಂದು, ಬಾಯಿ ನೆಕ್ಕಿಕೊಂಡು ಬಾಲ ಅಲ್ಲಾಡಿಸಿತು.

ತಂಗಿಯ ಗಂಡ ಓಡಿಬಂದ. ನಾಯಿಗೆ ಬೈಯುತ್ತಾನೆ ಎಂದುಕೊಂಡೆ. ಅವನ ಕಣ್ಣಲ್ಲಿ ನೀರು. ಆ ಮನೆಗೆ ನಾನು ಹದಿನೈದು ವರ್ಷದಿಂದ ಹೋಗುತ್ತಿದ್ದೆ, ಒಮ್ಮೆಯೂ ಅವನ ಬಾಯಿಂದ ಬಾರದ ಮಾತು ಅಂದು ಬಂತು: "ಅಕ್ಕಾರ, ಇಷ್ಟ ಲಗೂ ಹೋಗಬ್ಯಾಡ್ರಿ. ಇನ್ನೊಂದು ನಾಕ ದಿನ ಇದ್ದ ಹೋಗ್ರಿ."

ಕ್ಯಾರಿಬ್ಯಾಗು

ಕೆಲವು ವರ್ಷ ಕಳೆದು, ಮಗಳ ಓದು ಮುಗಿದ ಮೇಲೆ ಅವಳಿಗೆ ಬನಹಟ್ಟಿಯ ಸಂಬಂಧ ಕೂಡಿಬಂತು. ವಿದ್ಯುತ್ ಮಗ್ಗದ ಮನೆ, ಹುಡುಗ ಛಲೋ. ಹುಡುಗ ಹುಡುಗಿ ಒಪ್ಪಿಯೂ ಆಗಿತ್ತು. ಉಳಿದದ್ದು ಒಂದೇ: ಲಗ್ನ ಯಾರ ಊರಲ್ಲಿ? ಹುಡುಗನ ಅಪ್ಪ, "ನಮ್ಮೂರಾಗ ಆಗಬೇಕು," ಎಂದು ಹಟ ಹಿಡಿದಿದ್ದರು. ನನಗಂತೂ ಅದು ಕೇಳಿ ಸಕ್ಕರೆ ತಿಂದಷ್ಟು ಸಂತೋಷ. ಗಂಡನಿಗೆ ಹೇಳಿದ್ದೆ: "ಒಂದೀಟು ಬಿಗುವು ತೋರ್ಸಿ ಒಪ್ಪಿಕೊಂಡ ಬಿಡ್ರಿ. ನಮ್ಮ ಮನಿ ಮುಂದ ಆದ್ರ ಮೂರು ದಿನ ನಿಂತು ನಾನು ಸತ್ತ ಹೋಗ್ತೇನಿ."

ಮಾತು ಮುಗಿಸಲು ಅವರು ನಾಲ್ಕಕ್ಕೆ ಬರುವವರಿದ್ದರು. ಬೀಗರ ಮುಂದೆ ಈ ಕಾಲು ಇಟ್ಟುಕೊಂಡು ಹೇಗೆ ನಡೆದಾಡಲಿ ಎಂದು ಮಧ್ಯಾಹ್ನ ಕಡ್ಲಿಹಿಟ್ಟು, ಮೊಸರು, ಅರಿಶಿನ ಕಲಸಿ ಎರಡೂ ಕಾಲಿಗೆ ಬಳಿದು, ಮೇಲೆ ಕ್ಯಾರಿಬ್ಯಾಗು ಹಾಕಿ ದಾರದಿಂದ ಕಟ್ಟಿಕೊಂಡು ಮಂಚದ ಮೇಲೆ ಕೂತೆ. ಅವರು ಎರಡಕ್ಕೇ ಬಂದರು.

ಗಂಡ ಓಡಿಬಂದು ನನ್ನ ಕಾಲ ಮೇಲೆ ಕೌದಿ ಎಳೆದು, "ಆಕಿಗೆ ಚಳಿಜ್ವರ ಬಂದಾವ್ರಿ," ಎಂದುಬಿಟ್ಟರು. ಏಪ್ರಿಲ್ ತಿಂಗಳು. ನಾನು ಬೆವರಿನಲ್ಲಿ ತೊಯ್ದಿದ್ದೆ. ಹುಡುಗನ ತಾಯಿ ಒಳಗೆ ಬಂದು ಪಕ್ಕದಲ್ಲಿ ಕೂತರು. ಪಾಪ, ಒಳ್ಳೆಯ ಹೆಣ್ಣುಮಗಳು. "ಅಂಗಾಲು ಬೆಚ್ಚಗದಾವೇನು ನೋಡ್ತೇನಿ ತಡೀರಿ," ಎಂದು ಕೌದಿಯ ಮೇಲಿಂದ ಕಾಲು ಹಿಡಿದರು. ಚರಚರ ಸಪ್ಪಳವಾಯಿತು. ಕೌದಿ ಎತ್ತಿದರು. ಮೊಸರಿನ ವಾಸನೆ ಕೋಣೆಯ ತುಂಬ.

ನನಗೆ ಅಳು ಬಂತು. "ಎಲ್ಲಾ ನನ್ನ ಹಿಮ್ಮಡದ ತಪ್ಪರಿ. ಹುಡುಗಿ ಕಾಲು ಛಲೋ ಅದಾವು," ಎಂದೆ.

ಅವರು ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕಿದರು. ಸಂಬಂಧ ಮುರಿಯಿತು ಎಂದುಕೊಂಡೆ. ತಿರುಗಿ ಬಂದು, ಆ ಸುಡು ಬೇಸಿಗೆಯಲ್ಲೂ ಹಾಕಿಕೊಂಡಿದ್ದ ಕಾಲಚೀಲ ತೆಗೆದು ತಮ್ಮ ಹಿಮ್ಮಡ ತೋರಿಸಿದರು. ನನ್ನವು ಅದರ ಮುಂದೆ ಏನೂ ಅಲ್ಲ.

"ಇಪ್ಪತ್ತೈದು ವರ್ಷ ಮಗ್ಗದ ಮುಂದ ಸಿಮೆಂಟ್ ನೆಲದ ಮ್ಯಾಲೆ ನಿಂತೇನ್ರಿ," ಎಂದರು. ಆಮೇಲೆ ದನಿ ಇಳಿಸಿ, "ಇನ್ನೊಂದೀಟು ಹಿಟ್ಟು ಐತೇನ್ರಿ?"

ಬಟ್ಟಲಲ್ಲಿ ಉಳಿದಿತ್ತು. ಕ್ಯಾರಿಬ್ಯಾಗೂ ಇದ್ದವು. ಇಬ್ಬರೂ ಕಾಲು ಚಾಚಿ ಕೂತೆವು.

ಹೊರಗೆ ಗಂಡಸರು ಅರ್ಧ ತಾಸು ಕಾದರು. ನನ್ನ ಗಂಡ ಕಿಟಕಿಯಿಂದ ಇಣುಕಿ ನೋಡಿ ಪಡಸಾಲೆಗೆ ಮರಳಿದರು. ಹುಡುಗನ ಅಪ್ಪ ಕೇಳಿದ್ದು ನಮಗೆ ಕೇಳಿಸಿತು: "ಬಾಗಿಲಾ ಹಾಕ್ಕೊಂಡು ಒಳಗ ಏನ್ ನಡಸ್ಯಾರ್ರಿ?"

"ಏನ್ ಹೇಳೂದ್ರಿ," ಎಂದರು ನನ್ನ ಗಂಡ. "ಇಬ್ರೂ ಇದ್ದಲ್ಲಿಂದ ಒಂದು ಹೆಜ್ಜಿ ಸರಿಯಾಕ ತಯಾರಿಲ್ಲ."

ಆಮೇಲೆ ಹುಡುಗನ ಅಪ್ಪ ಬಾಗಿಲಿಗೇ ಬಂದು ಕೂಗಿದರು: "ಜಗಳ ಬ್ಯಾಡ್ರೀ ಅಕ್ಕಾರ! ನೀವ ಗೆದ್ರಿ. ಲಗ್ನ ನಿಮ್ಮ ಮನಿ ಮುಂದನ ಆಗ್ಲಿ. ನಮ್ಮ ಕಡೆಯವರು ಸಾವಿರ ಮಂದಿ ಬರತಾರ. ನೀವು ಬಾಗಿಲದಾಗ ನಿಂತು ಒಬ್ಬೊಬ್ಬರನ್ನ ಬರ್ರಿ ಅಂದು ಕರಕೊಂಡ್ರ ಸಾಕು!"

"ಬ್ಯಾಡ್ರೀ!" ಎಂದು ಚೀರಲು ನಾನು ಏಳಹೋದೆ. ಕ್ಯಾರಿಬ್ಯಾಗು ಜಾರಿ ಮತ್ತೆ ಮಂಚಕ್ಕೇ ಬಿದ್ದೆ. ಹುಡುಗನ ತಾಯಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು.

"ಸುಮ್ನಿರ್ರೀ ಬೀಗ್ತಿ," ಎಂದರು ಪಿಸುದನಿಯಲ್ಲಿ. "ನನ್ನ ಸಂಸಾರದಾಗ ಆ ಮನಿಷ್ಯಾ ಸೋತದ್ದು ಇದ ಮೊದಲ. ನೀವು ಮೂರು ದಿನ ಅಲ್ಲ, ಆರು ದಿನ ನಿಂದರ್ರಿ. ಇದನ್ನ ಮಾತ್ರ ಕೆಡಸಬ್ಯಾಡ್ರಿ!"