ಕಡೆಯ ಬಾಸ್ಕೆಟ್ಟಿನ ಚೌಕಾಸಿ

ಚೌಕಾಸಿಗೆ ಬಗ್ಗದ ವಸ್ತು ಈ ಜಗತ್ತಿನಲ್ಲಿಲ್ಲ ಎಂದು ನಾನು ನಂಬಿದವನು. ನಂಬಿ ಸುಮ್ಮನಿದ್ದವನೂ ಅಲ್ಲ. ಕೇಳಿದವರಿಗೂ ಕೇಳದವರಿಗೂ ಉಪದೇಶಿಸಿದವನು. ಸೀರೆ ಕೊಳ್ಳಲು ಹೋದರೆ ಮನಸ್ಸಿಗೆ ಹಿಡಿದದ್ದನ್ನು ಮೊದಲು ಮುಟ್ಟಬೇಡಿ. ಬೇಡವಾದದ್ದನ್ನು ಬಿಚ್ಚಿಸಿ, ಹೊಗಳಿ, ಒಂದು ನಿಟ್ಟುಸಿರು ಬಿಟ್ಟು ಏಳುವಾಗ ಬೇಕಾದದ್ದರ ದರ ಕೇಳಿ. ಸೀರೆ ಮಾರುವವನೇ ಇದನ್ನು ಹೇಳುತ್ತಿದ್ದಾನೆ ಎಂದಮೇಲೆ ನಂಬಲಡ್ಡಿಯಿಲ್ಲ. ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಹುನಗುಂದದ ಓಣಿಗಳನ್ನು ತಿರುಗಿ, ಕೊನೆಗೆ ಇಳಕಲ್ಲಿನಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಆದರೆ ಆಗಿಹೋದದ್ದರ ಮೇಲೂ ಚೌಕಾಸಿ ಮಾಡಬೇಕಾಗುತ್ತದೆ ಎಂದು ಅಂದುಕೊಂಡಿರಲಿಲ್ಲ.

ಹೋದ ತಿಂಗಳು, ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುವ ಶೈಲಜಾ ಟೀಚರ್ ಅಂಗಡಿಗೆ ಬಂದರು. ಪ್ರಾಯದಲ್ಲಿ ನಮ್ಮ ತಂಡ ಆಡುತ್ತಿದ್ದ ಅಂಗಳಕ್ಕೆ ಈಗ ಹೊಸ ಸಿಮೆಂಟು ಬಿದ್ದಿದೆ. "ಕಾಕಾರ, ನಿಮ್ಮ ಟೀಮಿನ ಇತಿಹಾಸ ಹತ್ತ ಸಾಲಿನಾಗ ಬರದ ಕೊಡ್ರಿ. ಕಲ್ಲಿನ ಮ್ಯಾಲ ಕೆತ್ತಸ್ತೀವಿ" ಎಂದರು.

"ಹದಿನೈದ ಮಾಡವಾ."

"ಕಲ್ಲ ಸಣ್ಣದೈತ್ರಿ."

ಹನ್ನೆರಡು ಸಾಲಿಗೆ ಕುದುರಿತು. ಗೆದ್ದೆನೆಂದುಕೊಂಡೆ. ಕೆಂಪು ಕಲ್ಲಿನ ಊರಿನಲ್ಲಿ ಹುಟ್ಟಿಯೂ, ಕಾಗದದ ಮೇಲಿನದನ್ನು ತಿದ್ದಬಹುದು, ಕಲ್ಲಿನ ಮೇಲಿನದನ್ನು ತಿದ್ದಲಾಗದು ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ನಮ್ಮದು ವೃತ್ತಿಪರ ತಂಡ. ನಗಬೇಡಿ. ಆಡಿದ್ದಕ್ಕೆ ಪ್ರತಿಫಲ ಪಡೆದವನೇ ವೃತ್ತಿಪರ ಎಂದು ನಮ್ಮ ಗುರುರಾಜ ಆಗಲೇ ಹೇಳಿದ್ದ. ಮುಂದೆ ಮಾಸ್ತರನಾಗುವ ಲಕ್ಷಣ ಅವನಿಗೆ ಅಂದೇ ಇತ್ತು. ಬಸ್ ಚಾರ್ಜು, ಎರಡು ಹೊತ್ತಿನ ಊಟ, ಆಳಿಗೊಂದು ಟವೆಲ್ಲು ಇಲ್ಲದೆ ನಾವು ಊರು ಬಿಟ್ಟು ಕದಲುತ್ತಿರಲಿಲ್ಲ. ಆ ಕರಾರು ಮಾಡುವ ಮ್ಯಾನೇಜರು ನಾನು. ಚೆಂಡು ಹಿಡಿಯಲು ಬರದವನಿಗೆ ಇನ್ನಾವ ಹುದ್ದೆ ಕೊಡುತ್ತಾರೆ? ಒಮ್ಮೆ ಬಾಗಲಕೋಟೆಯವರನ್ನು ಕಾಡಿಬೇಡಿ ಊಟಕ್ಕೆ ಹೋಳಿಗೆ ಸೇರಿಸಿದೆ. ತಿಂದವರು ಓಡಲಾರದೆ ಸೋತರು. ಹೋಳಿಗೆಯ ಕರಾರು ಯಾವಾಗಲೂ ಆಟ ಮುಗಿದ ಮೇಲಿನದಾಗಿರಲಿ, ಇದೂ ಒಂದು ಉಪದೇಶ.

ಅಂಗಿಗಳ ಕತೆ ಬೇರೆ. ಗುಳೇದಗುಡ್ಡದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಖಣದ ತುಣುಕು ತಂದು ಐದು ಅಂಗಿ ಹೊಲಿಸಿದೆ. ಹೆಂಗಸರ ಕುಪ್ಪಸದ ಬಟ್ಟೆ! ಅದನ್ನು ತೊಟ್ಟು ಬಾದಾಮಿಯಲ್ಲಿ ಇಳಿದಾಗ ನೆರೆದವರು ಕೂಗಿದರು: "ಯಾರ ಮದುವಿಗೆ ಬಂದೀರಿ?" ನಮ್ಮ ಕ್ಯಾಪ್ಟನ್ ಚನ್ನಬಸಪ್ಪ ಬಿಡುವವನೇ? "ನಿಮ್ಮನ್ನ ಗಂಡನ ಮನಿಗೆ ಕಳಸಾಕ ಬಂದೀವಿ!" ಎಂದ.

ಕಳಿಸಿಯೂ ಕೊಟ್ಟೆವು. ಒಂದು ಪಾಯಿಂಟು ಹಿಂದಿದ್ದ ನಾವು ಕಡೆಯ ಗಳಿಗೆಯ ಬಾಸ್ಕೆಟ್ಟಿನಿಂದ ಒಂದು ಪಾಯಿಂಟು ಮುಂದೆ ಬಂದು ಗೆದ್ದೆವು. ನಮ್ಮ ಇತಿಹಾಸದಲ್ಲಿ ಹೇಳಿಕೊಳ್ಳುವಂಥ ಗೆಲುವು ಅದೊಂದೇ. ಆ ಬಾಸ್ಕೆಟ್ ತನ್ನದೆಂದು ಚನ್ನಬಸಪ್ಪ, ತನ್ನದೆಂದು ಗುರುರಾಜ. ಬಹಳ ವರ್ಷ ಅದು ತಮಾಷೆಯಾಗಿತ್ತು. ಆಮೇಲೆ ಯಾರದೋ ಮದುವೆಯ ಪಂಕ್ತಿಯಲ್ಲಿ ಒಬ್ಬ ಇನ್ನೊಬ್ಬನನ್ನು ಸುಳ್ಳ ಎಂದ. ಆರು ವರ್ಷದಿಂದ ಮಾತಿಲ್ಲ. ಕುಳಗೇರಿ ಕ್ರಾಸಿನ ಚಹಾದಂಗಡಿಯಲ್ಲಿ ಒಂದೇ ಬಸ್ಸಿಗೆ ಕಾಯುತ್ತ ಇಬ್ಬರೂ ಬೆನ್ನು ತಿರುಗಿಸಿ ಕೂತದ್ದನ್ನು ನಾನೇ ಕಂಡಿದ್ದೇನೆ. ಐವರಲ್ಲಿ ಇಬ್ಬರು ತೀರಿಹೋದರು, ಮತ್ತೊಬ್ಬನಿಗೆ ನೆನಪು ಕೈಕೊಟ್ಟಿದೆ. ಉಳಿದವರು ಇವರಿಬ್ಬರೇ. ಇವರೂ ಮಾತಾಡದಿದ್ದರೆ ತಂಡವೆಂಬುದು ಬರೀ ಕಲ್ಲಿನ ಮೇಲೆ ಉಳಿಯುತ್ತದೆ.

ಇಬ್ಬರನ್ನೂ ಅಂಗಡಿಗೆ ಕರೆಸಿದೆ, ಒಬ್ಬ ಬರುವುದು ಇನ್ನೊಬ್ಬನಿಗೆ ತಿಳಿಯದಂತೆ.

"ಬಾಸ್ಕೆಟ್ ನಂದೈತಿ. ಹಂಗ ಕೆತ್ತಸಿದ್ರ ಕಲ್ಲಿನ ಉದ್ಘಾಟನಾಕ್ಕ ಬರ್ತೇನಿ, ಇಲ್ಲಾಂದ್ರ ಇಲ್ಲ" ಎಂದ ಚನ್ನಬಸಪ್ಪ, ನನ್ನ ಬಲಕ್ಕೆ ಕೂತು.

"ಅವಗ ಹೇಳು, ನಂದೂ ಅದ ಮಾತದ" ಎಂದ ಗುರುರಾಜ ಎಡಕ್ಕೆ ಕೂತು, ಸೀರೆಗಳ ಕಡೆ ನೋಡುತ್ತ.

ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದ್ದೀರಲ್ಲ? ಬಾಯಿ ಬಿಟ್ಟರೆ ಮಾನ ಹೋಗುವ ಕಡೆ ಬೆರಳೇ ಮೇಲು. ಬಾದಾಮಿಯಲ್ಲಿ ಪ್ರತಿಫಲವಾಗಿ ಸಿಕ್ಕ ಟವೆಲ್ಲನ್ನು ಪೆಟ್ಟಿಗೆಯಿಂದ ತೆಗೆದು ತೊಡೆಯ ಮೇಲೆ ಹಾಸಿ, ಅದರ ಕೆಳಗೆ ಎರಡೂ ಕಡೆಯ ಕೈ ಹಿಡಿದೆ. ಬಾಸ್ಕೆಟ್ಟಿಗೆ ಎರಡು ಪಾಯಿಂಟು. ಬಲಗಡೆಯವನು ಎರಡು ಬೆರಳು ಒತ್ತಿದ. ಒಂದು ಪಾಯಿಂಟು ಸಾಕೆಂದು ನಾನು ಒಂದನ್ನು ಮಡಚಿದೆ. ಎಡಗಡೆಯವನೂ ಎರಡು ಒತ್ತಿದ, ಅಲ್ಲೂ ಒಂದನ್ನು ಮಡಚಿದೆ. ಹೀಗೆ ಹೊತ್ತು ಕಳೆಯಿತು. ಆದರೆ ನಾನು ಒಂದನ್ನು ಮರೆತಿದ್ದೆ: ಟವೆಲ್ಲು ನಮ್ಮಷ್ಟೇ ಸವೆದಿತ್ತು. ಜಾಳುಜಾಳಾದ ಎಳೆಗಳ ನಡುವೆ ಬೆರಳೆಲ್ಲ ಬಟಾಬಯಲು.

ಗುರುರಾಜ ಬಗ್ಗಿ ನೋಡಿದ. "ಏನಲೇ ಚನ್ಯಾ, ನಿನಗೂ ಒಂದ ಏನು?"

ಆರು ವರ್ಷದ ಮೇಲಿನ ಮೊದಲ ಮಾತು. ಚನ್ನಬಸಪ್ಪ ಅವನ ಮುಖ ನೋಡಿದ. "ಹೂಂ, ಮಾಸ್ತರ. ಈ ಸೂಳೇಮಗ ಇಬ್ಬರಿಗೂ ಒಂದ ಸೀರಿ ಹರದ ಮಾರಾಕತ್ತಾನ!"

ಇಬ್ಬರೂ ನಕ್ಕರು. ಕೆಮ್ಮು ಬರುವವರೆಗೂ ನಕ್ಕು, ನನ್ನನ್ನು ಅಲ್ಲೇ ಬಿಟ್ಟು ಚಹಾ ಕುಡಿಯಲು ಜೊತೆಯಾಗಿ ಹೋದರು. ಬಾಸ್ಕೆಟ್ ಇಬ್ಬರದೂ ಎಂದು ಕಲ್ಲಿನ ಮೇಲೆ ಕೆತ್ತಿಯಾಯಿತು.

ಇನ್ನು ಕಲ್ಲಿನ ಮೇಲೆ ಇಲ್ಲದ್ದು. ಅಂದು ಬಾದಾಮಿಯಲ್ಲಿ ಆಟ ಮುಗಿಯಲು ಎರಡು ನಿಮಿಷವಿದ್ದಾಗ ನಮ್ಮವನೊಬ್ಬನ ಕಾಲು ಹಿಡಿದುಕೊಂಡಿತು; ಬೇರೆ ಗತಿಯಿಲ್ಲದೆ ಮ್ಯಾನೇಜರನ್ನೇ ಇಳಿಸಿದರು. ಕಡೆಯ ಗಳಿಗೆಯಲ್ಲಿ ಹೇಗೋ ಚೆಂಡು ನನ್ನ ಕೈಗೆ ಬಂತು. ಒಂದು ಕಡೆಯಿಂದ ಚನ್ನಬಸಪ್ಪ "ನನಗ ಕೊಡಲೇ!" ಎಂದ, ಇನ್ನೊಂದು ಕಡೆಯಿಂದ ಗುರುರಾಜ "ಇಲ್ಲೆ ಕೊಡೋ!" ಎಂದ. ಇಬ್ಬರಲ್ಲಿ ಯಾರ ಮನಸ್ಸನ್ನೂ ನೋಯಿಸಲಾರದೆ, ಕಣ್ಣು ಮುಚ್ಚಿ ನಡುವೆ ಎಸೆದು, ಕಣ್ಣು ತೆರೆದೆ. ಇಬ್ಬರೂ ಜಿಗಿದರು, ಬೆರಳು ತಾಗಿತೆಂದು ಇಬ್ಬರಿಗೂ ಅನ್ನಿಸಿರಬೇಕು, ಆದರೆ ಇಬ್ಬರ ಕೈಗೂ ಸಿಗಲಿಲ್ಲ. ಚೆಂಡು ನೇರ ಒಳಗೆ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಜನ ಅವರಿಬ್ಬರನ್ನೂ ಹೆಗಲ ಮೇಲೆ ಹೊತ್ತಿದ್ದರು.

ಜನ್ಮದಲ್ಲಿ ನಾನು ಹಾಕಿದ ಬಾಸ್ಕೆಟ್ ಅದೊಂದೇ. ಅದನ್ನೂ ದಲಾಲಿ ಸಹ ಇಟ್ಟುಕೊಳ್ಳದೆ ಕೊಟ್ಟುಬಿಟ್ಟೆ. ಇದನ್ನು ಓದಿ ಅವರಿಬ್ಬರೂ ಜಗಳಕ್ಕೆ ಬಂದಾರು. ಬರಲಿ, ಜೊತೆಯಾಗಿ ಬಂದರೆ ಸಾಕು.