ದ್ಯಾಮವ್ವನ ಹುಂಜವೂ ನನ್ನ ಕಾಯಂ ನೌಕರಿಯೂ

ಮನೆಯವರೆಲ್ಲ ತನ್ನ ಏಳಿಗೆಯನ್ನೇ ಬಯಸುತ್ತಾರೆಂದು ಪ್ರತಿಯೊಬ್ಬ ಗಂಡಸೂ ನಂಬಿರುತ್ತಾನೆ. ಅದು ಬರೀ ನಂಬಿಕೆ, ಸಾಕ್ಷಿ ಸಿಗುವುದು ಅಪರೂಪ. ನನಗೆ ಸಾಕ್ಷಿ ಸಿಕ್ಕಿತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನನ್ನ ತಾಯಿ ಮತ್ತು ಹೆಂಡತಿ ಬೆಳಗಿನಿಂದ ಸಂಜೆಯವರೆಗೆ ನನ್ನ ಏಳಿಗೆಯೊಂದನ್ನೇ ಧ್ಯಾನಿಸುತ್ತಿದ್ದರು. ಅದಕ್ಕೆ ಕಾರಣ ನಾನಲ್ಲ, ಒಂದು ಹುಂಜ.

ಆಗ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಕೊಪ್ಪಳದ ವರದಿಗಾರ. ಸೇರಿದ ದಿನ ಹುದ್ದೆಯ ಹಿಂದೆ ಅಂಟಿಕೊಂಡ 'ತಾತ್ಕಾಲಿಕ' ಎಂಬ ಪದ ಇನ್ನೂ ಉದುರಿರಲಿಲ್ಲ. ಕಿನ್ನಾಳದ ದಾರಿಯಲ್ಲಿ ನಮ್ಮ ಹೊಲ, ಹೊಲದಲ್ಲೇ ಮನೆ, ಹಿತ್ತಲಲ್ಲಿ ಬಾವಿ. ಮುನಿರಾಬಾದಿನಲ್ಲಿ ಕಾಲುವೆಗೆ ನೀರು ಬಿಟ್ಟಾಗ ಆ ಸುದ್ದಿ ಬರೆಯುವವನು ನಾನು, ನೀರು ಹೋಗುವುದು ಮಾತ್ರ ಗಂಗಾವತಿಯವರ ಗದ್ದೆಗೆ. ನಮ್ಮ ಪಾಲಿಗೆ ಬಾವಿಯ ತಳದಲ್ಲಿ ಊರಿದಷ್ಟು. ನೀರೆತ್ತುವ ಎಂಜಿನ್ನು ಸ್ವಲ್ಪ ಹೊತ್ತು ಗುಡುಗಿ, ಬಾವಿಯ ತಳ ಕಂಡ ಕೂಡಲೇ ಸುಮ್ಮನಾಗುತ್ತಿತ್ತು. ಆ ನೀರಿನಲ್ಲೇ ಬದನೆ, ಸೌತೆ, ಒಂದಿಷ್ಟು ಹಸಿಮೆಣಸು. ಕೋಳಿಗಳು ಬೇವಿನ ಮರದ ಕೆಳಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಬಿಸಿಲಿಗೆ ತತ್ತಿ ಕೆಡಬಾರದೆಂದು ಅವ್ವ ಅವನ್ನು ಕುಡಿಯುವ ನೀರಿನ ಕೊಡಗಳ ಸುತ್ತ ಒದ್ದೆ ಮರಳಿನಲ್ಲಿ ಹೂಳಿಡುತ್ತಿದ್ದಳು. ಬಂದವರು ನೀರು ಕೇಳಿದರೆ, "ಕುಡೀರಿ, ಕಾಲು ನೋಡ್ಕೊಂಡು ಇಡ್ರಿ" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ನೀರು ಕುಡಿಯುವುದೂ ನಾಜೂಕಿನ ಕೆಲಸವಾಗಿತ್ತು.

ಹುಂಜದ ವಿಷಯಕ್ಕೆ ಬರುತ್ತೇನೆ. ಅದಿನ್ನೂ ಮರಿಯಾಗಿದ್ದಾಗಲೇ ಅವ್ವ, "ನನ್ನ ಮಗನ ನೌಕರಿ ಕಾಯಂ ಆದ್ರ ಇದನ್ನ ನಿನಗ ಕೊಡ್ತೀನಿ" ಎಂದು ಊರ ದೇವತೆ ದ್ಯಾಮವ್ವನಿಗೆ ಹರಕೆ ಹೊತ್ತು, ಅದರ ನೆತ್ತಿಗೆ ಅರಿಶಿನ ಹಚ್ಚಿ, ಕಾಲಿಗೆ ಹಸಿರು ದಾರ ಕಟ್ಟಿಬಿಟ್ಟಿದ್ದಳು. ಹಾಗೆ ದೇವಿಗೆ ಬಿಟ್ಟ ಕೋಳಿಗೆ ಕಲ್ಲು ಹೊಡೆಯುವಂತಿಲ್ಲ, ಹುಶ್ ಎನ್ನುವಂತಿಲ್ಲ, ಬುಟ್ಟಿ ಕವುಚಿ ಕೂಡಿಹಾಕುವಂತಿಲ್ಲ. ಮಾರುವ ಮಾತಂತೂ ದೂರ. ಹರಕೆ ತೀರುವವರೆಗೆ ಅದು ದೇವಿಯ ಸೊತ್ತು. ಈ ನಿಯಮಗಳನ್ನು ನಮಗಿಂತ ಚೆನ್ನಾಗಿ ಹುಂಜ ತಿಳಿದುಕೊಂಡಿತು. ಕಿನ್ನಾಳದ ಗೊಂಬೆಯವರು ಬಿಡುವಿನಲ್ಲಿ ಕೂತು ಬಣ್ಣ ಬಳಿದ ಹಾಗೆ ಕೆಂಪು, ಹಸಿರು, ಹಳದಿಯಲ್ಲಿ ಬೆಳೆದು ನಿಂತಿತು. ನಿಂತದ್ದು ನನ್ನ ಹೆಂಡತಿ ಗಿರಿಜಾಳ ಬದನೆ ಮಡಿಯಲ್ಲಿ.

ಆ ಬದನೆ ಅವಳ ಪ್ರಾಣ. ಬುಟ್ಟಿ ಹೊತ್ತು ಅವಳೇ ಕೊಪ್ಪಳದ ಸಂತೆಗೆ ಒಯ್ಯುತ್ತಿದ್ದಳು. ಅವಳ ಬದನೆ ಬರುವವರೆಗೆ ಬೇರೆಯವರದ್ದನ್ನು ಮುಟ್ಟದೆ ಕಾಯುವ ಗಿರಾಕಿಗಳಿದ್ದರು. ಬೇಸಿಗೆಯಲ್ಲಿ ಊರಿಗೆಲ್ಲ ಬಿಸಿಲು ಬಡಿದರೂ ಬದನೆ ಗಿಡದ ಬುಡದಲ್ಲಿ ಮಣ್ಣು ತಂಪಾಗಿರುತ್ತದೆ ಎಂಬುದನ್ನು ಹುಂಜ ಕಂಡುಹಿಡಿಯಿತು. ಮಣ್ಣು ಕೆದರಿ, ಬೇರು ಬಯಲು ಮಾಡಿ, ತಗ್ಗಿನಲ್ಲಿ ಕುಳಿತು, ಕಣ್ಣೆದುರು ತೂಗುವ ಕಾಯಿಗಳಿಗೆ ಒಂದೊಂದೇ ಕುಕ್ಕು ಕೊಡುತ್ತಿತ್ತು. ಒಂದನ್ನೇ ಪೂರ್ತಿ ತಿನ್ನುವ ಸಣ್ಣ ಬುದ್ಧಿ ಅದಕ್ಕಿರಲಿಲ್ಲ, ಎಲ್ಲವನ್ನೂ ಸಮಾನವಾಗಿ ಕಾಣುತ್ತಿತ್ತು. ಗಿರಿಜಾ ಜಾಲಿಮುಳ್ಳಿನ ಬೇಲಿ ಹಾಕಿದಳು. ದೇವಿಯ ಕೋಳಿಗೆ ಮುಳ್ಳು ಚುಚ್ಚಿದರೆ ಯಾರು ಹೊಣೆ ಎಂದು ಅವ್ವ ಅದನ್ನು ಕಿತ್ತಳು. ಉಳಿದದ್ದು ವಿನಂತಿಯ ದಾರಿ.

"ಏಳ್ರಿ ಯಪ್ಪಾ, ಭಾಳ ಹೊತ್ತಾತು. ನಿಮ್ಮ ಕಾಲಿಗೆ ಬೀಳ್ತೀನಿ, ಹೊರಗ ಬರ್ರಿ" ಎಂದು ಅವಳು ಹಿತ್ತಲಲ್ಲಿ ಬೇಡಿಕೊಳ್ಳುವುದು ಕೇಳಿ ನಾನು ಮಲಗಿದ್ದ ಹೊರಸಿನಿಂದ ಗಾಬರಿಯಾಗಿ ಎದ್ದು ಓಡಿದೆ.

"ನಿಮಗಲ್ಲ, ಅವರಿಗೆ" ಎಂದು ಹುಂಜದ ಕಡೆ ಕೈ ತೋರಿಸಿದಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂದಂಗ, ನೀವು ಇವತ್ತೇನ್ ಸುದ್ದಿ ಕಳಿಸಿದ್ರಿ?" ಎಂದಳು.

ಮದುವೆಯಾದಂದಿನಿಂದ ಕೇಳದ ಪ್ರಶ್ನೆ. ನಾನು ಕಾಯಂ ಆದರೆ ಹುಂಜ ದ್ಯಾಮವ್ವನ ಪಾಲಾಗುತ್ತದೆ, ಬದನೆ ತನ್ನ ಪಾಲಿಗೆ ಉಳಿಯುತ್ತದೆ ಎಂಬ ಲೆಕ್ಕ ಅವಳಿಗೆ ಹೊಳೆದಿತ್ತು.

"ಸುದ್ದಿ ಎಲ್ಲೈತಿ? ಬರೇ ಬಿಸಿಲು" ಎಂದೆ.

"ಬಿಸಿಲಿನ ಬಗ್ಗೆನ ಬರೀರಿ. ಹೊರಸಿನ ಮ್ಯಾಲ ಬಿದ್ದಿದ್ರ ಕಾಯಂ ಮಾಡ್ತಾರೇನು? ಅವರನ್ನರ ನೋಡ್ರಿ, ಮುಂಜಾನಿಂದ ಒಂದ ಸಮ ದುಡಿಯಾಕತ್ಯಾರ."

ಅಂದಿನಿಂದ ನನಗೆ ಮಧ್ಯಾಹ್ನದ ನಿದ್ದೆ ನಿಷೇಧವಾಯಿತು. ಅಷ್ಟೇ ಅಲ್ಲ, ಸಂತೆಯಿಂದ ಬರುವಾಗ ಖಾಲಿ ಬುಟ್ಟಿಯ ಜೊತೆ ಅವಳು ಸುದ್ದಿಯನ್ನೂ ತರತೊಡಗಿದಳು. ಕುಷ್ಟಗಿಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದನ್ನು ಹೇಳಿ ಸುಮ್ಮನಾಗದೆ, ಡ್ರೈವರ್ ಏನೆಂದ, ಕಂಡಕ್ಟರ್ ಏನೆಂದ, ಇಬ್ಬರೂ ಹೇಳಿದ್ದು ಸುಳ್ಳೆಂದು ಇಳಿದ ಮುದುಕಿ ಏನೆಂದಳು ಎಂಬುದನ್ನೆಲ್ಲ ಕ್ರಮವಾಗಿ ಒಪ್ಪಿಸಿದಳು. ನಾನು ಮಾಡಬೇಕಾದ ಕೆಲಸ ಬರೆಯುವುದಷ್ಟೇ. ಯಲಬುರ್ಗಾದ ಕಡೆ ಈರುಳ್ಳಿ ಕೇಳುವವರಿಲ್ಲ ಎಂಬ ಸುದ್ದಿಯೂ ಅವಳದೇ. ನನ್ನ ವರದಿಗಳು ಒಳಪುಟದ ಮೂಲೆಯಿಂದ ನಡುವಿಗೆ ಸರಿದವು. "ಈ ಬ್ಯಾಸಗ್ಯಾಗ ನಿಮ್ಮ ಕಡೆ ಭಾಳ ಸುದ್ದಿ ಹುಟ್ಟಾಕತ್ಯಾವಲ್ರಿ" ಎಂದು ಸುದ್ದಿ ಸಂಪಾದಕರು ಫೋನಿನಲ್ಲಿ ಮೆಚ್ಚಿಕೊಂಡರು. ಅವೆಲ್ಲ ಬದನೆ ಮಡಿಯಲ್ಲಿ ಹುಟ್ಟುತ್ತವೆಂದು ನಾನು ಹೇಳಲಿಲ್ಲ.

ಒಂದು ದಿನ ಆ ಸಂಪಾದಕರೇ ಅಣೆಕಟ್ಟು ನೋಡಿಕೊಂಡು ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದರು. ಕಡ್ಡಿ ಮುರಿದಂತೆ ಮಾತನಾಡುವ, ಸುಳ್ಳು ಸಹಿಸದ ಮನುಷ್ಯ. ಬೇವಿನ ಕೆಳಗೆ ಹೊರಸು ಹಾಕಿ ರೊಟ್ಟಿ, ಎಣ್ಣೆಗಾಯಿ ಬಡಿಸಿದೆವು. ಹುಂಜ ಹೊರಸಿನ ಕೆಳಗೆ ಬಂದು, ಸಾಹೇಬರು ಉದುರಿಸಿದ ರೊಟ್ಟಿಯ ಚೂರುಗಳನ್ನು ಆರಿಸುತ್ತಿತ್ತು. ಮೂರನೆಯ ಬದನೆಕಾಯಿ ಮುಗಿಸಿ, ಬಾಯಿ ಒರೆಸಿಕೊಂಡು ಅವರು ಹೇಳಿದರು: "ನೋಡ್ರಿ, ಮುಂದಿನ ತಿಂಗಳಿಂದ ನೀವು ಕಾಯಂ."

ಯಾರೂ ಹಿಗ್ಗಲಿಲ್ಲ. ನಾವು ಮೂವರೂ ಹೊರಸಿನ ಕೆಳಗೆ ನೋಡಿದೆವು. ಸಾಹೇಬರೂ ಏನೋ ಹಾವಿರಬೇಕೆಂದು ಕಾಲು ಮೇಲೆತ್ತಿಕೊಂಡರು.

ಅವ್ವ ಕೈಮುಗಿದು, "ದ್ಯಾಮವ್ವ ನಡಿಸಿಕೊಟ್ಲು. ಬರೋ ಮಂಗಳವಾರನ ಹರಕಿ ತೀರಸೋಣು" ಎಂದು ಬಗ್ಗಿ ಹುಂಜವನ್ನು ಎತ್ತಿಕೊಂಡಳು. ಅಷ್ಟು ದಿನ ಯಾರ ಕೈಗೂ ಸಿಗದೆ ಮೆರೆದ ಪ್ರಾಣಿ, ಬಿಸಿಲಿಗೆ ಸೋತ ಕೂಸಿನಂತೆ ಅವಳ ತೋಳಿನಲ್ಲಿ ಕಣ್ಣು ಮುಚ್ಚಿ ಕುಳಿತಿತು. ಗಿರಿಜಾ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗೆದ್ದವಳ ಮುಖ ಹಾಗಿರುವುದಿಲ್ಲ.

"ಸಾಹೇಬ್ರ, ಒಂದು ಮಾತು" ಎಂದಳು. "ಕಾಯಂ ಅಂದ್ರ ಹೆಂಗ್ರಿ? ನಾಳೆ ನಿಮ್ಮ ಪೇಪರ್ ಬಂದ್ ಆತು ಅನ್ರಿ. ಆವಾಗ?"

ಸಾಹೇಬರು ಯೋಚಿಸಿದರು. "ಬಂದ್ ಆದ್ರ ನಾನೂ ಮನೀಗೆ ಹೋಗಬೇಕ್ರಿ, ತಂಗಿ."

"ಬಂದ್ ಆಗೂದಿಲ್ಲ ಅಂತ ಮಾತು ಕೊಡ್ತೀರೇನು?"

"ಅದು ಹೆಂಗ್ ಕೊಡಾಕ ಬರ್ತೈತಿ?"

"ಕೇಳಿದ್ರ್ಯಾ ಅತ್ತಿ? ಇದೆಂಥಾ ಕಾಯಮ್ಮು? ಇಂಥಾದ್ದು ನಂಬಿ ಹುಂಜ ಕೊಟ್ರ ದ್ಯಾಮವ್ವಗ ಸುಳ್ಳು ಹೇಳಿದಂಗ ಆಗ್ತೈತಿ."

ಅವ್ವ ಸಾಹೇಬರನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನನ್ನು ನೋಡಿದ ಮೇಲೆ ಅವಳ ಅನುಮಾನ ಗಟ್ಟಿಯಾದಂತೆ ಕಂಡಿತು. "ಖರೇನ ಐತವಾ. ಅವಸರ ಬ್ಯಾಡ. ಪೂರಾ ಕಾಯಂ ಆಗ್ಲಿ, ಆಮ್ಯಾಲ ನೋಡೋಣು" ಎಂದು ಹುಂಜವನ್ನು ಕೆಳಗಿಳಿಸಿದಳು. ಅದು ಮೈ ಕೊಡವಿಕೊಂಡು ನೆಟ್ಟಗೆ ಬದನೆ ಮಡಿಗೆ ನಡೆಯಿತು. ಏನೂ ಅರ್ಥವಾಗದ ಸಾಹೇಬರು ಇನ್ನೊಂದು ಬದನೆಕಾಯಿ ಕೇಳಿ ಹಾಕಿಸಿಕೊಂಡರು.

ಸಾಹೇಬರು ಹೋದ ಮೇಲೆ, "ನಿನ್ನ ಬದನೀ ಗತಿ ಏನ ಇನ್ನ?" ಎಂದು ಗಿರಿಜಾಳನ್ನು ಕೇಳಿದೆ.

"ಅವರು ತಿಂದು ಉಳದದ್ದ ಸಂತಿಗೆ ಸಾಕಾಗ್ತೈತಿ" ಎಂದು ಮಡಿಯಲ್ಲಿ ಕೂತ ಹುಂಜದ ಕಡೆ ನೋಡಿದಳು. "ಅವರು ಹ್ವಾದ್ರ ನೀವು ಮತ್ತ ಹೊರಸು ಹಿಡೀತೀರಿ."

ನನ್ನ ನೌಕರಿ ಮುಂದಿನ ತಿಂಗಳೇ ಕಾಯಂ ಆಯಿತು. ಎಂಬತ್ತರ ದಶಕದಲ್ಲಿ ಬಡ್ತಿಯೂ ಬಂತು. ಹುಂಜ ಮಾತ್ರ ತನ್ನ ಆಯುಷ್ಯವನ್ನೆಲ್ಲ ಬದನೆ ಮಡಿಯಲ್ಲೇ ಸುಖವಾಗಿ ಕಳೆಯಿತು. ಮನೆಗೆ ಬಂದವರು ನನ್ನ ವಿಷಯ ಕೇಳಿದರೆ, "ಪೇಪರಿನ್ಯಾಗ ಅದಾನ್ರಿ, ಇನ್ನೂ ಪೂರಾ ಕಾಯಂ ಆಗಿಲ್ಲ" ಎಂದು ಅವ್ವ ಹೇಳುತ್ತಿದ್ದಳು, ಗಿರಿಜಾ ಒಳಗಿನಿಂದ ಹೌದೆನ್ನುತ್ತಿದ್ದಳು. ಎರಡು ಮೂಲಗಳು ಖಚಿತಪಡಿಸದ ಸುದ್ದಿಯನ್ನು ಬರೆಯಬಾರದೆಂಬುದು ನಮ್ಮ ಕಚೇರಿಯ ನಿಯಮ. ನನ್ನ ಮನೆಯಲ್ಲಿದ್ದ ಮೂಲಗಳೇ ಎರಡು. ಎರಡೂ ನಿರಾಕರಿಸಿದ ಮೇಲೆ, ನಾನು ಕಾಯಂ ಎಂದು ಯಾವ ಬಾಯಿಂದ ಹೇಳಲಿ?