ದೊಡ್ಡಮ್ಮನ ಗಂಟಲು

ಭಾನುವಾರ ಮಾವನವರು ಬರುತ್ತಾರೆಂದಾಗಲೇ ದೊಡ್ಡಮ್ಮನ ಗಂಟಲು ಕಟ್ಟಬೇಕೆ? ಇದು ನಮ್ಮ ಗ್ರಂಥಪಾಲಕರ ಅಳಲು.

ದೊಡ್ಡಮ್ಮ ಎಂದರೆ ಹೆಂಗಸಲ್ಲ, ಹಳೆಯ ಕಾರು. ಮಾವನವರು ಹರೆಯದಲ್ಲಿ ಕೊಂಡು, ಮಕ್ಕಳಿಗಿಂತ ಮುದ್ದಾಗಿ ಸಾಕಿ, ಕಣ್ಣು ಮಂಜಾದ ಮೇಲೆ ಕಿರಿಯ ಅಳಿಯನಾದ ಇವರಿಗೆ ಒಪ್ಪಿಸಿದ್ದರು. (ಮಗಳನ್ನು ಒಪ್ಪಿಸುವಾಗ ಅಷ್ಟು ಕಣ್ಣೀರು ಬಂದಿರಲಿಲ್ಲ.) ಅದರ ಮೇಲೆ ಇವರ ಷಡ್ಡಕನ ಕಣ್ಣು. "ಕಾರು ಅಲ್ಲಿ ಹಾಳಾಗ್ತಿದೆ ಮಾವ" ಎಂದು ಆಗಾಗ ಕಿವಿ ಊದುತ್ತಿದ್ದ. ಹೌದೋ ಅಲ್ಲವೋ ಎಂದು ನೋಡಿಯೇ ಬಿಡೋಣವೆಂದು ಮಾವನವರು ಹೊರಟಿದ್ದರು. ಹೀಗಿರುವಾಗ ಶನಿವಾರ ಬೆಳಿಗ್ಗೆ ಸ್ಟಿಯರಿಂಗ್ ನಡುವಿನ ಹಾರನ್ ಗುಂಡಿಯನ್ನು ಎಷ್ಟು ಒತ್ತಿದರೂ ದೊಡ್ಡಮ್ಮ ತುಟಿ ಪಿಟಕ್ಕೆನ್ನಲಿಲ್ಲ.

"ಮೆಕ್ಯಾನಿಕ್‌ಗೆ ಫೋನ್ ಮಾಡ್ರಿ" ಎಂದಳು ಹೆಂಡತಿ, ಜಗಲಿಯಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಾ.

"ಪುಸ್ತಕ ತಂದಿದ್ದೀನಿ. ಅದರಲ್ಲಿ ಎಲ್ಲಾ ಇದೆ."

"ಪುಸ್ತಕ ಪೋಂ ಅನ್ನುತ್ತೇನ್ರಿ?"

"ಗುಂಡಿ ಬಿಚ್ಚೋದಕ್ಕೂ ಗುಂಡಿಗೆ ಬೇಕು ಕಣೆ."

"ಗುಂಡಿಗೆ ಇರಲಿ. ಗುಂಡಿಗೆ ಬೀಳದಿದ್ರೆ ಸಾಕು."

ಪುಸ್ತಕದ ಅಪ್ಪಣೆಯಂತೆ ಅವರು ಬಾನೆಟ್ ಎತ್ತಿ, ಬ್ಯಾಟರಿಯಿಂದ ಹಾರನ್‌ಗೆ ನೇರವಾಗಿ ವೈರು ಮುಟ್ಟಿಸಿದರು. ಕಿವಿಯ ಪಕ್ಕದಲ್ಲೇ ದೊಡ್ಡಮ್ಮ ಅರಚಿದ ರಭಸಕ್ಕೆ ಹಾರಿ, ತಲೆಯನ್ನು ಬಾನೆಟ್ಟಿಗೆ ಬಡಿದುಕೊಂಡರು. ಬುರುಡೆ ಊದಿಕೊಂಡರೂ ಮುಖ ಅರಳಿತು. ಹಾರನ್ ಸರಿಯಾಗಿದೆ, ರೋಗವಿರುವುದು ಸ್ಟಿಯರಿಂಗಿನಲ್ಲಿ.

ಸ್ಕ್ರೂಡ್ರೈವರ್ ಹಾಕಿ ಗುಂಡಿಯನ್ನು ಎಬ್ಬಿಸಿದ್ದೇ ತಡ, ಒಳಗಿದ್ದ ಸ್ಪ್ರಿಂಗು ಸೆರೆಮನೆಯಿಂದ ಬಿಡುಗಡೆಯಾದಂತೆ ಚಿಮ್ಮಿ, ಕಿಟಕಿ ದಾಟಿ, ಹೆಂಡತಿಯ ಹೊಲಿಗೆ ಡಬ್ಬಿಗೆ ಹೋಗಿ ಬಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟಳು. ಕಿಲುಬು ಹಿಡಿದ ತಾಮ್ರದ ಬಿಲ್ಲೆಯನ್ನು ಮರಳುಕಾಗದದಿಂದ ಉಜ್ಜಿ, ಎಲ್ಲವನ್ನೂ ಮತ್ತೆ ಜೋಡಿಸಿ ಒತ್ತಿದರು. ಪೋಂ ಎಂದಿತು. ಗ್ರಂಥಪಾಲಕರ ಎದೆ ಉಬ್ಬಿತು.

"ಇದೇನಿದು?" ಹೆಂಡತಿ ಸೀಟಿನ ಮೇಲಿದ್ದ ರಬ್ಬರ್ ಬಳೆಯೊಂದನ್ನು ಎತ್ತಿ ತೋರಿಸಿದಳು.

"ಅದು ಹೆಚ್ಚಾಗಿ ಉಳಿದದ್ದು."

"ಕಾರು ಮಾಡಿದವರಿಗೆ ಲೆಕ್ಕ ಬರ್ತಿರಲಿಲ್ವಾ?"

ಅಸೂಯೆ ಎಂದುಕೊಂಡು ಅವರು ಅದನ್ನು ಜೇಬಿಗಿಳಿಸಿದರು.

ಮರುದಿನ ಮಾವನವರು ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಹೆಂಡತಿ ಹಿಂದೆ. ಗುಂಡಿ ಒತ್ತಿದಾಗ ದೊಡ್ಡಮ್ಮ ಲಕ್ಷಣವಾಗಿ ಪೋಂ ಎಂದಳು. "ಭೇಷ್" ಎಂದರು ಮಾವ. ಮೊದಲ ತಿರುವಿನಲ್ಲಿ ಎಡಕ್ಕೆ ತಿರುಗಿಸಿದರೆ, ಯಾರೂ ಮುಟ್ಟದೆಯೇ ಪೋಂ.

"ಯಾರು ಅಡ್ಡ ಬಂದ್ರು ಅಳಿಯಂದಿರೇ?"

"ಬೆಕ್ಕು, ಮಾವ."

ಮುಂದಿನ ಎಡತಿರುವಿನಲ್ಲೂ ಬೆಕ್ಕು ಬಂತು. ಬಲಕ್ಕೆ ತಿರುಗಿಸಿದರೆ ಮಾತ್ರ ದೊಡ್ಡಮ್ಮ ಮೌನಗೌರಿ. ಗ್ರಂಥಪಾಲಕರು ತಕ್ಷಣ ಎಡವನ್ನೇ ತ್ಯಜಿಸಿ, ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ ಹೊಡೆದರು. ಅಂಗಿ ಬೆವರಿನಿಂದ ಬೆನ್ನಿಗಂಟಿತು.

"ಕಣ್ಣು ಮಂಜಾಗಿದೆ, ನಿಜ" ಎಂದರು ಮಾವ. "ಆದ್ರೂ ಈ ನೀಲಿ ಗೇಟನ್ನ ಆಗಿನಿಂದ ನೋಡ್ತಾನೇ ಇದ್ದೀನಿ. ಎಡಕ್ಕೆ ಹೋಗಿ ಸ್ವಾಮಿ."

ಎಡಕ್ಕಿದ್ದುದು ಆಸ್ಪತ್ರೆಯ ರಸ್ತೆ. ತಿರುಗಿದ್ದೇ ತಡ ಹಾರನ್ ಹಿಡಿದುಕೊಂಡಿತು. ಕಾರು ನಿಲ್ಲಿಸಿ ಗುಂಡಿ ಗುದ್ದಿದರೂ, ಚಕ್ರ ಅಲುಗಿಸಿದರೂ, ಪುಸ್ತಕದ ಹಾಳೆ ತಿರುವಿದರೂ ನಿಲ್ಲದು. ಕಿಟಕಿಗಳಲ್ಲಿ ರೋಗಿಗಳು ಕಾಣಿಸಿಕೊಂಡರು. ನರ್ಸೊಬ್ಬಳು ಮೆಟ್ಟಿಲಿಳಿದು ಬಂದು, "ಒಳಗೆ ಜನ ಬದುಕೋಕೆ ಒದ್ದಾಡ್ತಿದ್ದಾರೆ, ನಿಮಗೇನ್ರಿ ಸಂಭ್ರಮ?" ಎಂದಳು.

ಹೆಂಡತಿ ಇಳಿದಳು. ಬಾನೆಟ್ ಎತ್ತಿ, ಸೆರಗಿನ ತುದಿಯಿಂದ ಹಿಡಿದು ಹಾರನ್ನಿನ ವೈರು ಕಿತ್ತಳು. ಬೀದಿಗೆ ಜೀವ ಬಂತು. ಗ್ರಂಥಪಾಲಕರ ಜೀವ ಹೋಗಿತ್ತು. ಜೇಬಿನಿಂದ ರಬ್ಬರ್ ಬಳೆ ತೆಗೆದು, ತಪ್ಪಿತಸ್ಥನಂತೆ ಮಾವನ ಅಂಗೈಗಿಟ್ಟರು.

"ಇದಿಲ್ಲದಿದ್ರೆ ತಿರುಗಿಸಿದಾಗೆಲ್ಲ ಒಳಗೆ ತಗಲುತ್ತೆ" ಎಂದರು ಮಾವ. ಇನ್ನು ಕಾರು ಷಡ್ಡಕನ ಮನೆಗೇ ಎಂದುಕೊಂಡರು ಇವರು.

"ಕಾರು ಇಲ್ಲೇ ಇರಲಿ" ಎಂದರು ಮಾವ. ಗ್ರಂಥಪಾಲಕರಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. "ಕೀಲಿ ಮಾತ್ರ ಮಗಳ ಹತ್ರ ಇರಲಿ. ನೀನೇ ಓಡಿಸಮ್ಮ."

ಗ್ರಂಥಪಾಲಕರು ಹಿಂದಿನ ಸೀಟಿಗೆ ಸರಿದರು, ಹೆಂಡತಿ ಚಕ್ರ ಹಿಡಿದಳು. "ಹಾರನ್ ಇಲ್ದೆ ಪೇಟೆ ದಾಟೋದು ಹೇಗಪ್ಪಾ?"

ಅಪ್ಪ ಮಗಳು ಇಬ್ಬರೂ ಹಿಂದಿನ ಸೀಟಿನತ್ತ ತಿರುಗಿದರು.

ಅಂದು ಪೇಟೆಯ ಮಂದಿ, ಕಾರಿನ ಕಿಟಕಿಯಿಂದ ಸೊಂಟದವರೆಗೆ ಹೊರಬಾಗಿ "ದಾರಿ, ದಾರಿ ಬಿಡಿ" ಎಂದು ಕೂಗುತ್ತಾ ಹೋದ ಗ್ರಂಥಪಾಲಕರನ್ನು ಕಂಡರು. ಅವರ ಗ್ರಂಥಾಲಯದ ಓದುಗರೂ ಕೆಲವರು ಅಲ್ಲಿದ್ದರು.

ಮಾವನವರು ಸೀಟಿಗೊರಗಿ ನೆಮ್ಮದಿಯಾಗಿ ಕಣ್ಣು ಮುಚ್ಚಿದರು. "ಎಡಕ್ಕೂ ಕೂಗ್ತಾರೆ, ಬಲಕ್ಕೂ ಕೂಗ್ತಾರೆ. ಈ ಹಾರನ್ ಮಾತ್ರ ಬಿಚ್ಚಬೇಡಮ್ಮ."